ಶೀಟಿನ ಮನೆಯ ಮರಿಗಳು

ಬೆಳ್ಳಿ ತನ್ನ ಎದೆಯ ತುಪ್ಪಳವನ್ನು ತಾನೇ ಬಾಯಿಂದ ಕಿತ್ತು, ಗೂಡಿನ ಮೂಲೆಗೆ ಒಯ್ದು ಹಾಸುತ್ತಿತ್ತು. ಹುಲ್ಲು ಹಾಕಲು ಬಾಗಿದ್ದ ಅಂಕಮ್ಮ ಹಿಡಿಯಲ್ಲಿದ್ದ ಹುಲ್ಲನ್ನು ಹಾಗೇ ಹಿಡಿದುಕೊಂಡು ನಿಂತುಬಿಟ್ಟಳು. ಏಪ್ರಿಲ್ ಬಿಸಿಲಿಗೆ ತಾರಸಿ ಕಾದು ಚಪ್ಪಲಿಯೊಳಗೂ ಅಂಗಾಲು ಚುರುಗುಟ್ಟುತ್ತಿತ್ತು. ಮೊಲ ತುಪ್ಪಳ ಕಿತ್ತುಕೊಳ್ಳುವುದು ಮರಿ ಹಾಕುವ ಮುಂಚೆ.

"ಅಯ್ಯೋ ನಿನ್ನ! ಈ ಬಿಸ್ಲಲ್ಲಾ? ಯಾರೇ ನಿನ್ನ ಬಸ್ರು ಮಾಡ್ದೋರು?"

ಪಕ್ಕದ ಗೂಡಿನಲ್ಲಿ ಗೌರಿ ಹೂಕೋಸಿನ ಎಲೆಯನ್ನು ಕರಕರನೆ ಮೆಲ್ಲುತ್ತಾ ಕೂತಿತ್ತು. ಅಂಕಮ್ಮ ಗೂಡಿನ ಬಾಗಿಲು ತೆಗೆದು ಅದನ್ನು ಎತ್ತಿ, ಮಡಿಲಲ್ಲಿ ಅಂಗಾತ ಮಲಗಿಸಿಕೊಂಡು ನೋಡಿದಳು. ಮರಿಯಾಗಿದ್ದಾಗ ತಿಳಿಯದಿದ್ದದ್ದು ಈಗ ಸ್ಪಷ್ಟವಾಗಿ ತಿಳಿಯುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಮೊಲ ಮಾರುವ ಅಂಗಡಿಯ ಬೋರಣ್ಣ ಹೆಣ್ಣು ಅಂತ ಹೇಳಿ ಕೊಟ್ಟಿದ್ದ ಮರಿ ಅದು. ಇಬ್ಬರೂ ಹೆಣ್ಣುಮಕ್ಕಳೇ ಎಂದು ದಿನಾ ಸಂಜೆ ತಾರಸಿಯ ಮೇಲೆ ಒಟ್ಟಿಗೆ ಆಡಲು ಬಿಟ್ಟವಳು ಅವಳೇ.

ಒಳಗಿಂದ ಬಂದ ಯಲ್ಲಯ್ಯ ಹೆಂಡತಿಯ ಮುಖ ನೋಡಿ, ಗೌರಿಯನ್ನು ನೋಡಿ, ವಿಷಯ ತಿಳಿದು ಜೋರಾಗಿ ನಕ್ಕ.

"ಹೋದ ವಾರ ಇದರ ಹಣೆಗೆ ಕುಂಕುಮ ಬೇರೆ ಇಟ್ಟಿದ್ದೆ ನೀನು."

"ನಗಬೇಡ್ರಿ. ಹೋದ್ ಬೇಸ್ಗೆ ನೆನಪೈತಾ ನಿಮ್ಗೆ?"

ಯಲ್ಲಯ್ಯನ ನಗು ನಿಂತಿತು. ಹೋದ ಬೇಸಿಗೆಯಲ್ಲಿ ಬೆಳ್ಳಿ ಹಾಕಿದ್ದ ಮರಿಗಳು ಒಂದೂ ಉಳಿದಿರಲಿಲ್ಲ. ಜರಗನಹಳ್ಳಿಯ ಈ ಮನೆಯ ಕೆಳಗಿನ ಎರಡು ಅಂತಸ್ತನ್ನು ಬಾಡಿಗೆಗೆ ಬಿಟ್ಟು, ತಾವು ಮೇಲೆ ತಾರಸಿಯಲ್ಲಿ ತಗಡಿನ ಶೀಟು ಹೊದಿಸಿದ ಮನೆಯಲ್ಲಿದ್ದರು. ಮಧ್ಯಾಹ್ನವಾದರೆ ಶೀಟು ಕಾದು ಟಪ್ ಟಪ್ ಎಂದು ಸದ್ದು ಮಾಡುತ್ತಿತ್ತು. ಆ ಶಾಖಕ್ಕೆ ಮರಿಗಳು ಒಂದರ ಹಿಂದೆ ಒಂದು ಹೋಗಿದ್ದವು. ಅವನ್ನು ಹಳೇ ಟವೆಲಿನಲ್ಲಿ ಸುತ್ತಿ ಕೆರೆಯ ಕಡೆ ಒಯ್ದು ಹೂತು ಬಂದವನು ಯಲ್ಲಯ್ಯನೇ. ಆಮೇಲೆ ಅಂಕಮ್ಮ ಆಗ ಇದ್ದ ಗಂಡು ಮೊಲವನ್ನು ಯಾರಿಗೋ ಕೊಟ್ಟುಬಿಟ್ಟಳು. ಶಿವರಾತ್ರಿಯಿಂದ ಮಳೆಗಾಲದವರೆಗೂ ತನ್ನ ಮನೆಯಲ್ಲಿ ಮರಿಯ ಮಾತೇ ಬೇಡ ಎಂದಿದ್ದಳು.

ಅವಳು ಗಾರ್ಮೆಂಟ್ಸ್‌ನಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಹೊಲಿದವಳು. ಅಷ್ಟು ವರ್ಷವೂ ಅವಳ ಕೈಗೆ ಬಂದದ್ದು ಬರೀ ಕಾಲರು. ತೋಳು ಒಬ್ಬಳದು, ಗುಂಡಿ ಇನ್ನೊಬ್ಬಳದು. ಪೂರ್ತಿ ಶರ್ಟು ತನ್ನ ಕೈಯಲ್ಲಿ ಮುಗಿದದ್ದನ್ನು ಅವಳು ಒಂದು ದಿನವೂ ನೋಡಲಿಲ್ಲ. ಕೆಲಸ ಬಿಟ್ಟ ಮೇಲೆ ಸಾಕಿದ ಈ ಮೊಲಗಳ ಹುಟ್ಟು, ಹಾಲು, ಹಲ್ಲು, ಕಾಯಿಲೆ ಎಲ್ಲವೂ ಅವಳದೇ. ಯುಗಾದಿ ಮರುದಿನದ ಹೊಸತೊಡಕಿನ ಬಾಡೂಟಕ್ಕೆ ಬಂದಿದ್ದ ನೆಂಟರೊಬ್ಬರು "ಇವನ್ನ ಯಾವಾಗ ಕುಯ್ಯೋದು?" ಎಂದು ಕೇಳಿ, ಬಡಿಸಿದ ಎಲೆಯ ಮುಂದೆಯೇ ಬೈಸಿಕೊಂಡಿದ್ದರು.

ಅಂಕಮ್ಮ ಬೋರಣ್ಣನಿಗೆ ಫೋನ್ ಮಾಡಿದಳು. ಅವನು ಮೊದಲು ತಪ್ಪಾಯಿತು ಅಂದ. ಆಮೇಲೆ, "ಶೀಟಿನ ಕೆಳಗೆ ಈ ವರ್ಷದ ಬಿಸ್ಲಿಗೆ ಮರಿ ನಿಲ್ಲಲ್ಲ ಅಂಕಮ್ಮಕ್ಕ. ತಾಯೀನಾದ್ರೂ ಉಳಿಸ್ಕೊಳಿ" ಅಂದ.

"ಎರಡೂ ಉಳಿಸ್ಕೊಂತೀನಿ ಬಿಡು" ಎಂದು ಫೋನ್ ಇಟ್ಟಳು.

ಅವತ್ತೇ ಗೋಣಿಚೀಲಗಳನ್ನು ಬಿಚ್ಚಿ ಗೂಡಿನ ಮೂರೂ ಬದಿಗೆ ಇಳಿಬಿಟ್ಟಳು. ಅಕ್ಕಿ ತೊಳೆದ ನೀರು, ಬಟ್ಟೆ ಜಾಲಿಸಿದ ನೀರು ಎಲ್ಲವನ್ನೂ ಬಕೆಟ್ಟಿನಲ್ಲಿ ಹಿಡಿದಿಟ್ಟು ಗೋಣಿಗೆ ಚಿಮುಕಿಸತೊಡಗಿದಳು. ಆ ವರ್ಷ ಬೋರ್‌ವೆಲ್ ಬತ್ತಿತ್ತು. ಟ್ಯಾಂಕರ್ ಬಂದ ದಿನ ಬೀದಿಯೆಲ್ಲಾ ಎದ್ದು ಕೂರುತ್ತಿತ್ತು. ಕೆಳಮನೆಯ ಬಾಡಿಗೆಯ ಗೋವಿಂದಮ್ಮ, ಮಗನ ಜೊತೆ ಇರುವ ಹಿರಿಯ ಹೆಂಗಸು, ಮೆಟ್ಟಿಲ ಮೇಲೆ ಅಂಕಮ್ಮನನ್ನು ನಿಲ್ಲಿಸಿ ಕೇಳಿಯೇಬಿಟ್ಟರು.

"ನಮಗೆ ತಲೆ ಮೇಲೆ ಹುಯ್ಕೊಳೋಕೆ ನೀರಿಲ್ಲ, ನೀನು ಮೊಲಕ್ಕೆ ಹುಯ್ತಾ ಕೂತಿದೀಯಲ್ಲ! ಓನರ್ ಅಂದ್ರೆ ಏನ್ ಬೇಕಾದ್ರೂ ಮಾಡ್ಬೋದಾ?"

"ಅದು ಅಕ್ಕಿ ತೊಳ್ದಿದ್ ನೀರು ಗೋವಿಂದಕ್ಕ."

"ಯಾವ ನೀರೋ, ಕಣ್ಣಿಗೆ ಕಾಣೋದು ನೀರೇ."

ಅಂಕಮ್ಮ ಮಾತು ಬೆಳೆಸದೆ ಮೇಲೆ ಹೋದಳು. ಮರುದಿನದಿಂದ ಗೋವಿಂದಮ್ಮ ಅವಳನ್ನು ಕಂಡರೆ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು.

ಒಂದು ಮುಂಜಾನೆ ಬೆಳ್ಳಿ ಆರು ಮರಿ ಹಾಕಿತು. ಕಣ್ಣು ಮುಚ್ಚಿಕೊಂಡ, ಕೂದಲಿಲ್ಲದ ಗುಲಾಬಿ ಬಣ್ಣದ ಮರಿಗಳು, ಬೆರಳುದ್ದ. ತಾಯಿ ಹೊದಿಸಿದ್ದ ತುಪ್ಪಳದಲ್ಲಿ ಅರ್ಧವನ್ನು ಅಂಕಮ್ಮ ಮೆಲ್ಲಗೆ ತೆಗೆದಿಟ್ಟಳು. ಚಳಿಗಾಲದಲ್ಲಿ ಕಾಪಾಡುವ ಹೊದಿಕೆ ಈಗ ಬೇಯಿಸಿಬಿಡುತ್ತದೆ. ಆದರೂ ಮರದ ಪೆಟ್ಟಿಗೆಗೆ ಕೈ ಹಾಕಿದರೆ ಒಳಗೆ ಒಲೆಯ ಪಕ್ಕದ ಶಾಖ.

ಶಾಲೆಗೆ ರಜೆ ಬಂದು, ಮಕ್ಕಳನ್ನು ಕರೆದೊಯ್ಯುವ ಯಲ್ಲಯ್ಯನ ವ್ಯಾನು ಬೀದಿಯಲ್ಲಿ ಧೂಳು ಕುಡಿಯುತ್ತಾ ನಿಂತಿತ್ತು. ಅವನು ಬಾಗಿಲಲ್ಲಿ ನಿಂತು ಸುಮಾರು ಹೊತ್ತು ನೋಡಿದ.

"ನಮ್ಮವ್ವ ಮಜ್ಜಿಗೆ ಮಡಕೇನ ಒದ್ದೆ ಮರಳಲ್ಲಿ ಹೂತಿಡ್ತಿದ್ಲು. ಎಂಥಾ ಬಿಸ್ಲಲ್ಲೂ ಕೈಗೆ ತಣ್ಣಗೆ ಹತ್ತೋದು" ಅಂದ.

ಅಂಕಮ್ಮ ತಲೆಯೆತ್ತಿ ಗಂಡನನ್ನು ನೋಡಿದಳು. ಸಂಜೆಯ ಹೊತ್ತಿಗೆ ಅವನು ಎಲ್ಲಿಂದಲೋ ಅಗಲ ಬಾಯಿಯ ಮಣ್ಣಿನ ಬಾನಿಯೊಂದನ್ನು ವ್ಯಾನಿನಲ್ಲಿ ಹಾಕಿಕೊಂಡು ಬಂದ. ಹೊಸ ಕಟ್ಟಡದ ಮೇಸ್ತ್ರಿಯನ್ನು ಕೇಳಿ ಮರಳು ತಂದ. ಪ್ಲಾಸ್ಟಿಕ್ ಟಬ್ಬಿಗೆ ಮರಳು ತುಂಬಿ, ಅದರಲ್ಲಿ ಬಾನಿಯನ್ನು ಕತ್ತಿನವರೆಗೆ ಹೂತು, ಮರಳಿಗಷ್ಟೇ ನೀರು ಚಿಮುಕಿಸಿದ. ಅಂಕಮ್ಮ ಹುಲ್ಲು ಹಾಸಿ, ತುಪ್ಪಳ ಹಾಕಿ, ಮರಿಗಳನ್ನು ಒಳಗಿಟ್ಟಳು. ಸ್ವಲ್ಪ ಹೊತ್ತಿಗೆ ಬಾನಿಯೊಳಗೆ ಕೈ ಇಟ್ಟು ನೋಡಿ, "ನೀವೂ ಇಡ್ರಿ" ಎಂದು ಗಂಡನ ಕೈ ಹಿಡಿದು ಒಳಗಿಟ್ಟಳು. ಒಳಗೆ ತಣ್ಣಗಿತ್ತು.

ಮರಿಗಳಿಗೆ ಮೈಮೇಲೆ ರೇಷ್ಮೆಯಂಥ ಕೂದಲು ಹುಟ್ಟುವ ಹೊತ್ತಿಗೆ ಎಲ್ಲಕ್ಕಿಂತ ಸುಡುವ ಮಧ್ಯಾಹ್ನವೊಂದು ಬಂತು. ಬೆಳಗಿನಿಂದ ಕರೆಂಟಿಲ್ಲ. ಬೆಳ್ಳಿ ಒರಗಿ ಮಲಗಲೆಂದು ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡುತ್ತಿದ್ದ ನೀರಿನ ಬಾಟಲಿಗಳೆಲ್ಲಾ ಕರಗಿ ಬಿಸಿಯಾಗಿದ್ದವು. ಊಟ ಮುಗಿಸಿ ಗೂಡಿನ ಹತ್ತಿರ ಹೋದ ಅಂಕಮ್ಮ, "ಏನ್ರೀ!" ಎಂದು ಕೂಗಿದಳು.

ಬೆಳ್ಳಿ ಕತ್ತು ನೀಡಿ ಅಡ್ಡ ಬಿದ್ದಿತ್ತು. ಪಕ್ಕೆ ಬಡಬಡನೆ ಹೊಡೆದುಕೊಳ್ಳುತ್ತಿತ್ತು. ಗಲ್ಲವೆಲ್ಲ ಜೊಲ್ಲಿನಿಂದ ಒದ್ದೆ. ಕಿವಿ ಮುಟ್ಟಿದರೆ ಸುಡುತ್ತಿತ್ತು. ಓಡಿಬಂದ ಯಲ್ಲಯ್ಯ ನೀರಿನ ಚೊಂಬು ಎತ್ತಿದ.

"ಸುರೀಬ್ಯಾಡಿ! ಒಂದೇ ಸಲ ತಣ್ಣೀರು ಬಿದ್ರೆ ಎದೆ ನಿಂತೋಯ್ತದೆ. ಕಿವಿ ಅಷ್ಟೇ ಒದ್ದೆ ಮಾಡಿ." ಸೆರಗನ್ನು ಅದ್ದಿ ಅವಳೇ ಕಿವಿಗೆ ಒತ್ತಿದಳು. ತಲೆಯ ಮೇಲೆ ಶೀಟು ಟಪ್ ಎಂದಿತು. "ಇಲ್ಲಿದ್ರೆ ಆಗಲ್ಲ. ಕೆಳಗೆ ಹೋಗ್ಬೇಕು."

"ಗೋವಿಂದಮ್ಮನ ಮನೆಗಾ?"

ನಡುವಿನ ಮನೆಯವರು ರಜೆಗೆ ಊರಿಗೆ ಹೋಗಿದ್ದರು. ಅಂಕಮ್ಮ ಬೆಳ್ಳಿಯನ್ನು ಒದ್ದೆ ಟವೆಲಿನಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದಳು. ಬಾಡಿಗೆಯವರ ಮನೆ ಬಾಗಿಲಿಗೆ ಅವಳು ಯಾವತ್ತೂ ಒಂದು ಲೋಟ ಸಕ್ಕರೆ ಕೇಳಿಕೊಂಡು ಹೋದವಳಲ್ಲ. ಮೊಣಕೈಯಿಂದ ಬಾಗಿಲು ತಟ್ಟಿದಳು.

ಗೋವಿಂದಮ್ಮ ಬೀಸಣಿಗೆ ಹಿಡಿದೇ ಬಾಗಿಲು ತೆರೆದರು. ಟವೆಲಿನತ್ತ ನೋಡಿದರು.

"ಸತ್ತೋಯ್ತಾ?"

"ಇಲ್ಲ ಗೋವಿಂದಕ್ಕ, ಜೀವ ಐತೆ. ನಿಮ್ಮನೆ ನೆಲ ತಣ್ಣಗಿರ್ತದೆ..."

ಗೋವಿಂದಮ್ಮ ಪಕ್ಕಕ್ಕೆ ಸರಿದರು. "ಬಾಗ್ಲಲ್ಲಿ ಯಾಕೆ ನಿಂತೆ? ಡ್ರಮ್ ಪಕ್ಕ ಮಲಗ್ಸು. ಅಲ್ಲಿ ಇನ್ನೂ ತಣ್ಣಗಿದೆ." ಅಂಕಮ್ಮ ಕೆಂಪು ಗಾರೆಯ ನೆಲದ ಮೇಲೆ ಬೆಳ್ಳಿಯನ್ನು ಮಲಗಿಸಿದಳು. ಗೋವಿಂದಮ್ಮ ಡ್ರಮ್ಮಿನ ಮುಚ್ಚಳ ತೆಗೆದು, ಟ್ಯಾಂಕರಿನಿಂದ ತುಂಬಿಟ್ಟಿದ್ದ ನೀರಿನಲ್ಲಿ ಒಂದು ಚೊಂಬು ಮೊಗೆದು ಅವಳ ಮುಂದಿಟ್ಟರು.

"ಮರಿ ಎಲ್ಲಿ?"

"ಮೇಲೆ."

"ಅವೇನು ಅಲ್ಲಿ ಬೇಯ್ಬೇಕಾ? ಯಲ್ಲಯ್ಯಾ, ಇಳಿಸ್ಕೊಂಡ್ ಬಾರಪ್ಪ!"

ಯಲ್ಲಯ್ಯ ಟಬ್ಬಿನ ಸಮೇತ ಬಾನಿಯನ್ನೂ, ಆಮೇಲೆ ಗೌರಿಯ ಗೂಡನ್ನೂ ಇಳಿಸಿ ತಂದ. ಹೊತ್ತು ಇಳಿಯುವವರೆಗೂ ಒಬ್ಬರು ಕಿವಿಗೆ ಒದ್ದೆ ಬಟ್ಟೆ ಒತ್ತಿದರೆ ಇನ್ನೊಬ್ಬರು ಬೀಸಿದರು. ಮೊದಲು ಪಕ್ಕೆಯ ಹೊಡೆತ ನಿಧಾನವಾಯಿತು. ಆಮೇಲೆ ಬೆಳ್ಳಿ ಮುಂಗಾಲು ಮಡಚಿ ತಲೆ ಎತ್ತಿತು. ಗೋವಿಂದಮ್ಮ ಕೊತ್ತಂಬರಿ ದಂಟೊಂದನ್ನು ಅದರ ಮೂಗಿನ ಮುಂದೆ ಹಿಡಿದರು. ಅದು ಮೂಸಿತು, ತಿನ್ನಲಿಲ್ಲ. "ಮೂಸ್ತಲ್ಲ, ಸಾಕು" ಅಂದರು.

ಆದರೆ ಅಂದು ಸಂಜೆಯೂ ಮರುದಿನ ಬೆಳಗ್ಗೆಯೂ ಬೆಳ್ಳಿ ಬಾನಿಯ ಹತ್ತಿರ ಸುಳಿಯಲಿಲ್ಲ. ಎಲ್ಲಕ್ಕಿಂತ ಚಿಕ್ಕ ಮರಿ ಬೆಳಗಾಗುವಷ್ಟರಲ್ಲಿ ಮಿಸುಕುವುದನ್ನು ನಿಲ್ಲಿಸಿತ್ತು. ಯಲ್ಲಯ್ಯ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಗೆ ಹೋದ. ಅಂಕಮ್ಮ ಅಳಲಿಲ್ಲ. ಗೋವಿಂದಮ್ಮನ ಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬೆಳ್ಳಿಯನ್ನು ಮಡಿಲಿಗೆ ತೆಗೆದುಕೊಂಡು, ಬೆನ್ನು ಸವರುತ್ತಾ, ಉಳಿದ ಐದು ಮರಿಗಳನ್ನು ಒಂದೊಂದಾಗಿ ಹೊಟ್ಟೆಯ ಕೆಳಗೆ ಸೇರಿಸಿದಳು. ಬೆಳ್ಳಿ ಒದೆಯಿತು. ಅವಳು ಬಿಡಲಿಲ್ಲ. "ಇರೇ, ಇರೇ ನನ್ನವ್ವ. ಒಂಚೂರು" ಎಂದು ಹೇಳುತ್ತಲೇ ಇದ್ದಳು. ಕೊನೆಗೆ ಚಪ್ಪರಿಸುವ ಸಣ್ಣ ಸದ್ದು ಕೇಳಿಸಿತು. ಬಾಗಿಲಿಗೆ ಒರಗಿ ನಿಂತಿದ್ದ ಗೋವಿಂದಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು.

ಬೇಸಿಗೆ ಕಳೆಯುವವರೆಗೂ ಮೊಲಗಳು ಕೆಳಗೇ ಇರಲಿ ಎಂದವರು ಗೋವಿಂದಮ್ಮನೇ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಅಂಕಮ್ಮ ಇಳಿದು ಬಂದು, ಬೆಳ್ಳಿಯನ್ನು ಹಿಡಿದು ಮರಿಗಳಿಗೆ ಹಾಲು ಕುಡಿಸುತ್ತಿದ್ದಳು.

"ಇದೇನೇ, ಮಿಕ್ಕ ಹೊತ್ತೆಲ್ಲಾ ಮರಿ ಕಡೆ ತಿರುಗಿ ಕೂಡ ನೋಡಲ್ಲ ಇದು!" ಎಂದು ಗೋವಿಂದಮ್ಮ ಒಮ್ಮೆ ಕೇಳಿದರು.

"ಅದರ ಬುದ್ಧೀನೇ ಹಂಗೆ ಗೋವಿಂದಕ್ಕ. ಪದೇ ಪದೇ ಹೋದ್ರೆ ಬೆಕ್ಕಿಗೆ ಜಾಡು ಸಿಕ್ತದೆ ಅಂತ ದೂರ ಇರ್ತದೆ."

ಈ ಮಾತನ್ನು ಗೋವಿಂದಮ್ಮ ತಾವೇ ಕಂಡುಹಿಡಿದವರಂತೆ ಬೀದಿಯ ಹೆಂಗಸರಿಗೆಲ್ಲ ಹೇಳಿದರು. ಮರಿಗಳು ಕಣ್ಣು ಬಿಟ್ಟ ದಿನ ಮೆಟ್ಟಿಲ ಬುಡದಿಂದಲೇ "ಅಂಕಮ್ಮಾ, ನೋಡ್ತಾ ಇದಾವೆ ಕಣೇ!" ಎಂದು ಕೂಗಿದ್ದು ಎದುರು ಮನೆಗೂ ಕೇಳಿಸಿತು. ಅಷ್ಟರಲ್ಲಿ ಬೆಳ್ಳಿ ತಾನಾಗಿಯೇ ಬಾನಿಗೆ ಇಳಿಯತೊಡಗಿತ್ತು.

ಬೋರಣ್ಣ ಸುದ್ದಿ ಕೇಳಿ ಸ್ಕೂಟರಿನಲ್ಲಿ ಬಂದ. ಐದೂ ಮರಿಗಳು ನೆಲದ ಮೇಲೆ ಕುಪ್ಪಳಿಸುತ್ತಿದ್ದವು. ಕೂತು ಒಂದೊಂದನ್ನೇ ಎತ್ತಿ ಹಲ್ಲು ನೋಡಿದ, ಹೊಟ್ಟೆ ಮುಟ್ಟಿದ. ಬಾನಿಯೊಳಗೆ ಕೈ ಹಾಕಿ ನೋಡಿದ.

"ನನ್ನ ಅಂಗಡೀಲಿ ಫ್ಯಾನ್ ಹಾಕಿಟ್ರೂ ಈ ಸಲ ನಿಲ್ಲಿಲ್ಲ ಅಕ್ಕ. ಸಖತ್ತಾಗಿ ಸಾಕಿದೀರ. ನನಗೇ ಕೊಟ್ಬಿಡಿ, ಐದೂ ತಗೊಂಡೋಗ್ತೀನಿ."

"ನಿನ್ನ ಅಂಗಡಿ ಮುಂದೆ ಮಧ್ಯಾಹ್ನದ ಬಿಸ್ಲು ಹೆಂಗೆ ಬೀಳ್ತದೆ ಅಂತ ನಾನು ನೋಡಿಲ್ವಾ? ಕೊಡಲ್ಲಪ್ಪ. ನಾನೇ ನೋಡಿ ಕೊಡ್ತೀನಿ." ಅಂಕಮ್ಮ ನಕ್ಕಳು. "ಹೆಣ್ಣು ಗಂಡು ಅನ್ನೋದನ್ನೂ ನಾನೇ ಹೇಳಿ ಕೊಡ್ತೀನಿ."

ಬೋರಣ್ಣ ಕಿವಿ ಹಿಡಿದುಕೊಂಡ. ಮೊಲ ಕೇಳಿಕೊಂಡು ಬಂದವರನ್ನು ಅವನು ಜರಗನಹಳ್ಳಿಗೇ ಕಳಿಸತೊಡಗಿದ.

ಹಾಗೆ ಜಯನಗರದಿಂದ ಕಾತ್ಯಾಯಿನಿ ಎಂಬಾಕೆ ಮಗಳು ಇಂಚರಳನ್ನು ಕರೆದುಕೊಂಡು ಬಂದಳು. ಹುಡುಗಿ ಬೂದು ಕಿವಿಯ ಮರಿಯೊಂದನ್ನು ಆಗಲೇ ಎದೆಗೆ ಒತ್ತಿಕೊಂಡಿತ್ತು. ಅಂಕಮ್ಮ ಚಾಪೆಯ ಮೇಲೆ ಎದುರಿಗೆ ಕೂತು ಕೇಳಲು ಶುರು ಮಾಡಿದಳು.

"ಎಲ್ಲಿ ಇಡ್ತೀರಿ ಮೇಡಂ?"

"ಬಾಲ್ಕನಿ ಇದೆ ಆಂಟಿ. ದೊಡ್ಡದು."

"ಯಾವ ದಿಕ್ಕಿಗೆ?"

"ಪಶ್ಚಿಮ ಅನ್ಸುತ್ತೆ. ಸಂಜೆ ಸೂರ್ಯ ಚೆನ್ನಾಗಿ ಕಾಣ್ಸುತ್ತೆ."

"ಹಂಗಾದ್ರೆ ಆಗಲ್ಲ."

ಕಾತ್ಯಾಯಿನಿ ಗಲಿಬಿಲಿಗೊಂಡಳು. ಆಗ ಮೂಲೆಯಲ್ಲಿ ಪೇಪರ್ ಓದುತ್ತಿದ್ದ ಯಲ್ಲಯ್ಯ ಪೇಪರ್ ಕೆಳಗಿಟ್ಟ.

"ಬೇಜಾರ್ ಮಾಡ್ಕೋಬೇಡಿ ಮೇಡಂ. ಈ ವರ್ಷದ ಬಿಸ್ಲಲ್ಲಿ, ಈ ಶೀಟಿನ ಮನೇಲಿ ಉಳಿದಿರೋ ಮರಿ ಇವು. ನಮ್ಮನೆಯೋಳು ಮಡಿಲಲ್ಲಿ ಹಾಕ್ಕೊಂಡು ಉಳಿಸಿದ್ದು. ಜಯನಗರ ಏನು, ಇಡೀ ಬೆಂಗಳೂರಲ್ಲಿ ಯಾರು ಮಾಡಿದಾರೆ ಕೇಳಿ ನೋಡಿ."

ಅಂಕಮ್ಮ ಕೇಳಿಸಿಕೊಳ್ಳದವಳಂತೆ ಚಾಪೆಯ ಮೇಲಿದ್ದ ಹುಲ್ಲಿನ ಎಸಳುಗಳನ್ನು ಆರಿಸತೊಡಗಿದಳು. ಅವಳ ಕಿವಿ ಕೆಂಪಾಗಿತ್ತು.

"ಅಜ್ಜಿ, ಬಟ್ಟೆ ಒಗೆಯೋ ಜಾಗ ಇದೆ ನಮ್ಮನೇಲಿ. ಅಲ್ಲಿ ಬಿಸಿಲೇ ಬರಲ್ಲ" ಎಂದಿತು ಹುಡುಗಿ, ಮರಿಯನ್ನು ಬಿಡದೆ.

"ನಾನು ಬಂದು ನೋಡ್ತೀನಿ" ಎಂದಳು ಅಂಕಮ್ಮ.

ಭಾನುವಾರ ಯಲ್ಲಯ್ಯ ವ್ಯಾನು ತೊಳೆಸಿ ಅವಳನ್ನು ಜಯನಗರಕ್ಕೆ ಕರೆದೊಯ್ದ. ಹೋದದ್ದು ಬೇಕೆಂದೇ ಸುಡು ಮಧ್ಯಾಹ್ನ. ಮದುವೆಗೆ ಉಡುವ ಹಸಿರು ಸೀರೆಯುಟ್ಟಿದ್ದ ಅಂಕಮ್ಮ, ಕಾತ್ಯಾಯಿನಿ ಕೊಟ್ಟ ಜ್ಯೂಸು ಕುಡಿಯುವ ಮೊದಲೇ ಬಟ್ಟೆ ಒಗೆಯುವ ಜಾಗಕ್ಕೆ ಹೋಗಿ ನೆಲಕ್ಕೆ ಅಂಗೈ ಒತ್ತಿ ಕೂತಳು. ಗಾಳಿ ಎಲ್ಲಿಂದ ಬರುತ್ತದೆ, ನೀರು ಎಲ್ಲಿ ನಿಲ್ಲುತ್ತದೆ, ಕರೆಂಟು ಹೋದರೆ ಏನು ಮಾಡುತ್ತೀರಿ ಎಂದೆಲ್ಲ ಕೇಳಿದಳು. ಹುಡುಗಿ ಒಂದೊಂದಕ್ಕೂ ಪರೀಕ್ಷೆಗೆ ನಿಂತಂತೆ ಉತ್ತರ ಕೊಟ್ಟಿತು. ಕೊನೆಗೆ ಅಂಕಮ್ಮ ಎದ್ದು ಕೈ ಒರೆಸಿಕೊಂಡು, "ಬಂದು ಕರ್ಕೊಂಡೋಗಿ" ಅಂದಳು.

ಅವರು ಬಂದದ್ದು ಒಂದು ಬೆಳಗ್ಗೆ, ಆಟೋದಲ್ಲಿ. ಬಿದಿರಿನ ಬುಟ್ಟಿಗೆ ಹುಲ್ಲು ಹಾಸಿ, ಮೇಲೆ ತೆಳ್ಳನೆಯ ಒದ್ದೆ ಬಟ್ಟೆ ಕಟ್ಟಿ ಅಂಕಮ್ಮ ಮರಿಯನ್ನು ಕೊಟ್ಟಳು. ಗೋವಿಂದಮ್ಮ ಒಂದು ಕಟ್ಟು ಕೊತ್ತಂಬರಿ ದಂಟನ್ನು ಹುಡುಗಿಯ ಕೈಗೆ ತುರುಕಿದರು. ಆಟೋ ಹೊರಟಿತು. ಅಂಕಮ್ಮ ಮೆಟ್ಟಿಲು ಹತ್ತಿ ತಾರಸಿಯ ಅಂಚಿಗೆ ಬಂದು ನಿಂತಳು. ಹೇಳಬೇಕಾದ್ದು ಇನ್ನೂ ಎಷ್ಟೋ ಇತ್ತು. ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲೇ ಆಟೋ ಇತ್ತು.

ಕನಕಪುರ ರಸ್ತೆಯ ಕಡೆಗೆ ಆಟೋ ತಿರುಗಿತು. ತಿರುಗಿದ ಕೂಡಲೇ ಬಿಸಿಲು ಬದಿಯಿಂದ ಸೀಟಿನ ಮೇಲೆ ಬಿತ್ತು. ಎರಡು ಸಣ್ಣ ಕೈಗಳು ಬುಟ್ಟಿಯನ್ನು ಎತ್ತಿ, ತಾಯಿಯ ಮಡಿಲು ದಾಟಿಸಿ, ನೆರಳಿದ್ದ ಬದಿಗೆ ಇಟ್ಟವು.