ದೊಡ್ಡಪ್ಪನ ಸಾವಿನ ತಾಲೀಮು

ನಂಬುವುದು, ಬಿಡುವುದು ನಿಮಗೆ ಬಿಟ್ಟದ್ದು. ನಾನಂತೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ. ಕೊಟ್ಟೂರಿನ ನಮ್ಮ ದೊಡ್ಡಪ್ಪ ಹಾಲೇಶಪ್ಪ ತೊಂಬತ್ತೆಂಟನೇ ಇಸವಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಸತ್ತರು; ಮಧ್ಯಾಹ್ನ ಎದ್ದು ಹೋಳಿಗೆ ಉಂಡರು.

ಹಗರಿಬೊಮ್ಮನಹಳ್ಳಿಯ ಕಣ್ಣಿನ ಶಿಬಿರದಲ್ಲಿ ಪೊರೆ ತೆಗೆಸಿಕೊಂಡು ಬಂದಾಗಿನಿಂದ ಅವರಿಗೆ ಒಂದೇ ಹಟ: ತಾವು ಹೋದ ಮೇಲೆ ತಮ್ಮ ಕಣ್ಣು ದಾನವಾಗಬೇಕು. ಆದರೆ ಮನೆಯವರು ಒಪ್ಪದೆ ಡಾಕ್ಟರು ಮುಟ್ಟುವುದಿಲ್ಲ. ಮನೆಯವರೆಂದರೆ ದೊಡ್ಡಮ್ಮ ನಾಗಲಿಂಗಮ್ಮ. ಅವರದು ಒಂದೇ ಮಾತು:

"ಮಣ್ಣಾಗ ಕುಂದ್ರಿಸಿ ಕೈಯಾಗ ಲಿಂಗ ಇಡ್ತೀವಿ. ಅದನ್ನ ನೋಡಾಕ ಕಣ್ಣು ಬ್ಯಾಡೇನ್ರಿ? ಕೈಲಾಸಕ್ಕ ತಡವರಿಸ್ಕೋತ ಹೋಗ್ತೀರೇನು?"

ಅದಕ್ಕೇ ದೊಡ್ಡಪ್ಪ ತಾಲೀಮು ಹೂಡಿದರು. "ನಾ ಸತ್ತೀನಿ ಅನ್ಕೋರಿ. ಈಗ ತೀರ್ಮಾನ ಮಾಡ್ರಿ. ಆಮ್ಯಾಲ ಅಳಾದ್ರಾಗ ಯಾರ ಬುದ್ಧಿ ನೆಟ್ಟಗಿರತೈತಿ?" ಎಂದು ವಿಭೂತಿ ಬಳಿದುಕೊಂಡು, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಸಾಕ್ಷಿಗೆ ಪಕ್ಕದ ಮನೆಯ ಜಂಗಮರು, ಅಯ್ಯನವರು ವೀರಭದ್ರಯ್ಯ, ಬಂದು ಕುಳಿತರು. ಡಾಕ್ಟರ ಪಾತ್ರ ನನ್ನದು.

"ಅಮ್ಮಾ, ಆರು ತಾಸಿನೊಳಗೆ ಕಣ್ಣು ತೆಗೆಯಬೇಕು, ಬೇಗ ಹೇಳಿ" ಎಂದೆ, ಶಿಬಿರದ ಡಾಕ್ಟರ ಹಾಗೆ ಮೂಗಿನಲ್ಲಿ.

"ನಾ ಒಲ್ಲೆ."

ಹೆಣ ಒಂದು ಕಣ್ಣು ತೆರೆಯಿತು. "ಲೇ ಇವಳೇ..."

"ಸತ್ತೋರು ಮಾತಾಡಬಾರದ್ರಿ!" ಅಯ್ಯನವರು ಗದರಿದರು. ಹೆಣ ಕಣ್ಣನ್ನೂ ಬಾಯನ್ನೂ ಮುಚ್ಚಿತು.

ನನಗೆ ತಡೆಯಲಾಗಲಿಲ್ಲ. ಕಂಬದ ಹಿಂದೆ ಸರಿದು ದೊಡ್ಡಪ್ಪನ ದನಿಯಲ್ಲೇ ಗೊರಕೆ ಹೊಡೆದೆ. ಮೊದಲು ಸಿಳ್ಳು, ಆಮೇಲೆ ಗರಗಸ.

"ನೋಡ್ರಿ ಅಯ್ಯನೋರ, ಸತ್ತ ಮ್ಯಾಲೂ ಬಿಡಲಿಲ್ಲ!" ದೊಡ್ಡಮ್ಮ ಹಣೆ ಬಡಿದುಕೊಂಡರು. "ದಿನಾ ಪೂಜಿಗೆ ಕುಂತ್ರ ಇದಾ ಮಂಗಳಾರತಿ. ಕೈಯಾಗ ಲಿಂಗ ಇದ್ದಾಗ ಇವರು ರೆಪ್ಪಿ ಬಿಚ್ಚಿದ್ದು ಲಗ್ನ ಆದಾಗಿಂದ ನಾ ನೋಡಿಲ್ಲ."

ಹೆಣ ಕಣ್ಣು ಬಿಚ್ಚದೆಯೇ ಅಲ್ಲ, ಅಲ್ಲ ಎಂದು ತಲೆಯಾಡಿಸಿತು. ದೊಡ್ಡಮ್ಮ ಅದನ್ನೇ ದಿಟ್ಟಿಸಿದರು. ಆಮೇಲೆ ಮೆಲ್ಲಗೆ ಅಂದರು: "ಕೈಲಾಸಕ್ಕ ಹೋದ್ರೂ ಕಣ್ಣು ಮುಚ್ಕೊಂಡಾ ಕುಂದ್ರಾವ್ರು. ಒಯ್ರಿ ಡಾಕ್ಟ್ರ. ಎಚ್ಚರ ಇರೋ ಮನಷ್ಯಾಗ ಹಾಕ್ರಿ."

"ನನ್ನ ಮುಂದ ಹೇಳೀಯ ತಾಯಿ, ಆಮ್ಯಾಲ ತಿರುಗಬ್ಯಾಡ" ಎಂದರು ಅಯ್ಯನವರು.

"ಹೇಳೀನಿ ಅಂದ್ರ ಹೇಳೀನ್ರಿ."

ಅಷ್ಟು ಸಾಕಿತ್ತು, ಹೆಣಕ್ಕೆ ಜೀವ ಬಂತು. "ಲೇ ಹಂಪೇಶ, ನನ್ನ ಗೊರಕಿ ಕದ್ದಿಯೇನಲೇ! ಏ ಇವಳೇ, ನಾ ಎಚ್ಚರ ಇದ್ದೆ!"

"ದಿನಾನೂ ಹಂಗಾ ಅಂತೀರಿ" ಎಂದರು ದೊಡ್ಡಮ್ಮ.

ಅಯ್ಯನವರು ನಕ್ಕರು, ನಾನು ನಕ್ಕೆ. ನಮ್ಮಿಬ್ಬರ ನಗು ಕೇಳಿಸದಂತೆ, ಹಣೆಯ ವಿಭೂತಿ ಮಡಿಲಿಗೆ ಉದುರುವಂತೆ ನಕ್ಕವರು ದೊಡ್ಡಪ್ಪ.