ಬಂದೆ ಎನ್ನುವ ಅಳಿಯ

ಹಬ್ಬದ ದಿನ ಜನ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುವುದಕ್ಕೂ ಅವನು ಮೊದಲ ತುತ್ತು ಬಾಯಿಗಿಡುವುದಕ್ಕೂ ಏನೋ ಒಂದು ನಂಟಿತ್ತು. ಲಿಫ್ಟ್ ಮೆಕ್ಯಾನಿಕ್ ಆದವನು ಇಂಥದ್ದನ್ನೆಲ್ಲ ನಂಬಬಾರದು. ಆದರೂ ಪ್ರತಿ ವರ್ಷ ತಟ್ಟೆಗೆ ಕೈ ಹಾಕುತ್ತಿದ್ದಂತೆ ಫೋನು ಹೊಡೆದುಕೊಳ್ಳುತ್ತಿತ್ತು. ಹಬ್ಬದೂಟಕ್ಕೆ ಬಂದ ನೆಂಟರಿಷ್ಟರು ಒಂದೇ ಸಲಕ್ಕೆ ಮೇಲೆ ಹೋಗಬೇಕೆಂದು ಹಟ ಹಿಡಿದು ಲಿಫ್ಟಿಗೆ ನುಗ್ಗುತ್ತಾರೆ. ಭಾರ ಹೆಚ್ಚಾಯಿತೆಂದು ಅದು ಕೂಗಿಕೊಂಡರೆ, ಒಬ್ಬರು ಇಳಿಯುವ ಬದಲು ಎಲ್ಲರೂ ಹೊಟ್ಟೆ ಒಳಕ್ಕೆಳೆದುಕೊಳ್ಳುತ್ತಾರೆ. ಬಾಗಿಲನ್ನು ಕೈಯಿಂದ ನೂಕುತ್ತಾರೆ. ಆಮೇಲೆ ಇವನಿಗೆ ಫೋನು.

"ಗಾಬರಿ ಆಗ್ಬೇಡಿ. ಬಾಗಿಲು ತೆಗೆಯೋಕೆ ಹೋಗ್ಬೇಡಿ. ಬಂದೆ," ಎನ್ನುತ್ತಿದ್ದ. ಆಮೇಲೆ ಮನೆಯವರ ಕಡೆ ತಿರುಗಿ ಇನ್ನೊಂದು ಸಲ "ಬಂದೆ" ಎನ್ನುತ್ತಿದ್ದ. ಮೊದಲನೆಯ ಬಂದೆ ನಿಜ. ಎರಡನೆಯದನ್ನು ಹೇಳಿ ಹೋದವನ ಮುಖ ಕಾಣುತ್ತಿದ್ದದ್ದು ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿದ ಮೇಲೆಯೇ. ಅತ್ತೆಯಂತೂ ಪರಿಚಯದವರಿಗೆ "ನಮ್ಮ ಬಂದೆ ಅಳಿಯ" ಎಂದೇ ಹೇಳುತ್ತಿದ್ದರು. ಅದರಲ್ಲಿ ಕೊಂಕಿರಲಿಲ್ಲ. ಹಾಗೆ ಹೇಳಿದರೆ ಗುರುತು ಬೇಗ ಹತ್ತುತ್ತಿತ್ತು, ಅಷ್ಟೆ.

ಹೆಂಡತಿ ಮೊದಮೊದಲು ರೇಗಿದಳು, ಆಮೇಲೆ ಅತ್ತಳು, ಆಮೇಲೆ ಎರಡನ್ನೂ ಬಿಟ್ಟಳು. ಹೋದ ವರ್ಷದ ಹಬ್ಬದಲ್ಲಿ ಅವನು ಬಂದು ಕೂತಾಗ ತಟ್ಟೆಗೆ ಬಡಿಸಿ, ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟಳು. ಫೋನು ಇನ್ನೂ ಬಂದೇ ಇರಲಿಲ್ಲ. ರೇಗುವ ಹೆಂಡತಿಯನ್ನು ಸಮಾಧಾನ ಮಾಡಬಹುದು, ತಟ್ಟೆ ಮುಚ್ಚಿಡುವವಳನ್ನು ಏನು ಮಾಡುವುದು? ಮನೆಯವರು ತನ್ನನ್ನು ಲೆಕ್ಕದಿಂದಲೇ ಬಿಟ್ಟರೇನೋ ಎಂದು ಅವನಿಗೆ ಭಯವಾಯಿತು. ಮುಂದಿನ ಹಬ್ಬಕ್ಕೆ ಏನೇ ಆಗಲಿ, ಇವರ ಜೊತೆ ಕೂತು ಊಟ ಮುಗಿಸಿಯೇ ಏಳಬೇಕೆಂದು ಅವತ್ತೇ ನಿಶ್ಚಯಿಸಿದ.

ಈ ವರ್ಷ ಅವಳದ್ದೂ ಒಂದು ನಿಶ್ಚಯವಿತ್ತು.

"ಈ ಸಲ ಹಬ್ಬ ಆರಾಮಾಗಿ ಮಾಡೋದು," ಎಂದಳು. "ಆಗೋದನ್ನೆಲ್ಲ ಮುಂಚೇನೇ ಮಾಡಿಟ್ಬಿಡ್ತೀನಿ. ಆವತ್ತು ಒಲೆ ಮುಂದೆ ನಿಂತು ಬೇಯೋಕೆ ನನ್ನ ಕೈಲಾಗಲ್ಲ."

"ನಾನೂ ಮುಂಚೇನೇ ಮಾಡಿಡ್ತೀನಿ."

"ನೀವೇನು ಮಾಡಿಡ್ತೀರಿ?"

"ಲಿಫ್ಟು."

ಅವಳು ಪರದೆ ಒಗೆದಳು, ಬೆಳ್ಳುಳ್ಳಿ ಸುಲಿದು ಡಬ್ಬಿಗೆ ತುಂಬಿದಳು, ಬಿಸಿ ಮಾಡಿದರೆ ಸಾಕು ಎನ್ನುವಂಥ ಅಡುಗೆಯನ್ನೆಲ್ಲ ಮಾಡಿ ಫ್ರಿಜ್ಜಿನಲ್ಲಿಟ್ಟಳು. ಅತ್ತೆಯೂ ಮುಂಚೆಯೇ ಬಂದು, ಏನೇನು ಸರಿಯಾಗಿಲ್ಲ ಎಂಬುದನ್ನು ಮುಂಚೆಯೇ ಹೇಳಿ ಮುಗಿಸಿದರು. ಇವನು ಕಟ್ಟಡದಿಂದ ಕಟ್ಟಡಕ್ಕೆ ಅಲೆದ. ಬಾಗಿಲು ಜಾರುವ ಸಂದಿಯಲ್ಲಿ ಕೂತು ಅಂಗಿ ಗುಂಡಿ, ಕಲ್ಲು, ಹೇರ್‌ಪಿನ್ನು ಕೆರೆದು ತೆಗೆದ. ಒಂದು ಕಡೆ ಯಾವುದೋ ಮಗುವಿನ ಹಲ್ಲು ಸಿಕ್ಕಿತು, ವಾಚ್‌ಮನ್ ಕೈಗೆ ಕೊಟ್ಟು ವಿಚಾರಿಸಲು ಹೇಳಿದ. ಕೆರೆಯುವ ಕೆಲಸಕ್ಕೆ ಮನೆಯ ಹಳೆಯ ಟೂತ್‌ಬ್ರಷ್ಷುಗಳೆಲ್ಲ ಹೋದವು. ಅತ್ತೆಯದು ಹಳೆಯದಾಗಿರಲಿಲ್ಲ ಎಂದು ಆಮೇಲೆ ತಿಳಿಯಿತು.

"ಕೆಟ್ಟಿಲ್ವಲ್ಲ, ಯಾಕೆ ಬಂದ್ರಿ?" ಎಂದು ಇನ್ನೊಂದು ಕಟ್ಟಡದ ವಾಚ್‌ಮನ್ ಅನುಮಾನದಿಂದ ಕೇಳಿದ.

"ಕೆಡಬಾರ್ದು ಅಂತ."

ಆ ವಾಚ್‌ಮನ್ ಕೆಲಸ ಮುಗಿಯುವ ತನಕ ಪಕ್ಕದಲ್ಲೇ ನಿಂತು ಕಾವಲು ಕಾದ. ಕೆಡದೇ ಇರುವ ಕಡೆ ಬಂದ ಮೆಕ್ಯಾನಿಕ್ಕನ್ನು ಅವನು ಅದುವರೆಗೆ ಕಂಡಿರಲಿಲ್ಲ.

ಹಬ್ಬದ ದಿನ ಮನೆಯಲ್ಲಿ ಮಾಡಲು ಕೆಲಸವೇ ಉಳಿದಿರಲಿಲ್ಲ. ಹೆಂಡತಿ, ಅತ್ತೆ, ಹೈಸ್ಕೂಲಿನ ಮಗಳು, ಅವನು, ನಾಲ್ವರೂ ಊಟದ ಮೇಜಿಗೆ ಕೂತರು. ಬಡಿಸಿದ ತಟ್ಟೆಯಿಂದ ಹಬೆ ಏಳುತ್ತಿತ್ತು. ಈ ಸಲ ಅವಳು ಮುಚ್ಚಲಿಲ್ಲ. ಆದರೆ ಮುಚ್ಚುವ ತಟ್ಟೆಯನ್ನು ತನ್ನ ಮೊಣಕೈ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಅವನು ಅದನ್ನು ನೋಡಿದ, ಫೋನನ್ನೂ ನೋಡಿದ. ಫೋನು ತುಟಿಪಿಟಕ್ಕೆನ್ನಲಿಲ್ಲ.

"ತಿನ್ನಿ," ಎಂದಳು ಹೆಂಡತಿ.

"ತಿಂತೀನಿ. ಇದ್ಯಾಕೋ ಸುಮ್ಮನಿದೆ."

"ಇರ್ಲಿ ಬಿಡಿ."

"ಕೆಟ್ಟಿದ್ರೆ? ಅಲ್ಲಿ ಯಾರಾದ್ರೂ ಸಿಕ್ಕಿಹಾಕ್ಕೊಂಡಿದ್ದು ನನಗೆ ಗೊತ್ತಾಗ್ದೇ ಹೋದ್ರೆ?" ಅವನು ಮಗಳ ಕಡೆ ತಿರುಗಿದ. "ನಿನ್ನ ಫೋನಿಂದ ಒಂದ್ಸಲ ಮಾಡು, ನೋಡೋಣ."

ಮಗಳು ಮಾಡಿದಳು. ಅವನ ಫೋನು ಹೊಡೆದುಕೊಂಡಿತು.

ಎರಡನೇ ಸಲ ಹೊಡೆದುಕೊಳ್ಳುವುದರೊಳಗೆ ಹೆಂಡತಿ ತಟ್ಟೆ ಮುಚ್ಚಿದ್ದಳು. ಅತ್ತೆ ದಾರಿ ಬಿಡಲು ಕುರ್ಚಿ ಸರಿಸಿ, ನೀರಿನ ಜಗ್ಗನ್ನು ಅವನ ಜಾಗಕ್ಕೆ ತಳ್ಳಿದ್ದರು. ಫೋನು ಮಾಡಿದ ಮಗಳೇ ಎದ್ದು ಅವನ ಟೂಲ್ ಬ್ಯಾಗನ್ನು ಬಾಗಿಲ ಹತ್ತಿರ ತಂದಿಟ್ಟಿದ್ದಳು. ಅವನ ಕಾಲುಗಳೂ ಆಗಲೇ ಬೂಟಿನೊಳಗಿದ್ದವು. ಯಾರೂ ಯಾರಿಗೂ ಒಂದು ಮಾತು ಹೇಳಬೇಕಾಗಿ ಬರಲಿಲ್ಲ, ಒಂದು ಹನಿ ನೀರೂ ಚೆಲ್ಲಲಿಲ್ಲ.

ಬಾಗಿಲಲ್ಲಿ ನಿಂತು ಅವನು ಹಿಂತಿರುಗಿ ನೋಡಿದ. ಅವನಿಲ್ಲದ ಹಬ್ಬಕ್ಕೆ ಈ ಮನೆ ಎಷ್ಟೋ ವರ್ಷಗಳಿಂದ ತಯಾರಾಗಿತ್ತು. ಆ ತಯಾರಿ ಅವನು ನೋಡಿಕೊಳ್ಳುವ ಯಾವ ಲಿಫ್ಟಿಗಿಂತಲೂ ಸುಸೂತ್ರವಾಗಿ ನಡೆಯುತ್ತಿತ್ತು. ಅವನಿಗೆ ತುಂಬ ದುಃಖವಾಯಿತು.

"ಅಪ್ಪಾ, ಅದು ನಾನು ಮಾಡಿರೋ ಫೋನು," ಎಂದಳು ಮಗಳು.

ಫೋನು ಇನ್ನೂ ಹೊಡೆದುಕೊಳ್ಳುತ್ತಲೇ ಇತ್ತು. ಯಾರೂ ನಗಲಿಲ್ಲ. ಹೆಂಡತಿ ಮುಚ್ಚಿದ ತಟ್ಟೆಯನ್ನೂ ಅದರ ಮೇಲಿದ್ದ ತನ್ನ ಕೈಯನ್ನೂ ನೋಡಿದಳು. ಅವಳ ಮುಖ ಸಣ್ಣಗಾಯಿತು. ಎದ್ದು ಬಂದು ಮಗಳ ಕೈಯಿಂದ ಫೋನು ತೆಗೆದುಕೊಂಡು ಕಿವಿಗಿಟ್ಟುಕೊಂಡಳು. ಬೇರೇನು ಮಾಡಬೇಕೆಂದು ತೋಚದೆ ಅವನೂ ತನ್ನದನ್ನು ಎತ್ತಿದ.

"ಹಲೋ," ಎಂದಳು. "ಇಲ್ಲಿ ಮೂರು ಜನ ಸಿಕ್ಕಿಹಾಕ್ಕೊಂಡಿದೀವಿ."

ಅವನು ಎಲ್ಲರನ್ನೂ ಕೇಳುವುದನ್ನೇ ಕೇಳಿದ. "ಎಷ್ಟು ಹೊತ್ತಾಯ್ತು?"

"ತುಂಬ ವರ್ಷ ಆಯ್ತು."

"ಗಾಬರಿ ಆಗ್ಬೇಡಿ," ಎಂದ. ಬಾಗಿಲು ತೆಗೆಯಬೇಡಿ ಎನ್ನುವ ಮಾತನ್ನು ಬಿಟ್ಟ. "ಬಂದೆ."

ಬೂಟು ಬಿಚ್ಚಿ ಬಂದು ಕೂತ. ಅತ್ತೆ ಜಗ್ಗನ್ನು ತಮ್ಮ ಕಡೆಗೆ ಎಳೆದುಕೊಂಡರು. ಹೆಂಡತಿ ಮೇಲೆ ಮುಚ್ಚಿದ್ದ ತಟ್ಟೆಯನ್ನು ತೆಗೆದು ಅಡುಗೆಮನೆಗೆ ಒಯ್ದಿಟ್ಟು ಬಂದಳು. ಅವನು ಮದುವೆಯಾದಾಗಿನಿಂದ ಹಬ್ಬದ ಊಟವನ್ನು ಆರಿದ ಮೇಲೆಯೇ ತಿಂದವನು. ಅದು ಬಿಸಿ ಇರುತ್ತದೆಂಬ ಅಂದಾಜು ಇರಲಿಲ್ಲ. ದೊಡ್ಡ ತುತ್ತನ್ನೇ ಬಾಯಿಗಿಟ್ಟು ನಾಲಿಗೆ ಸುಟ್ಟುಕೊಂಡ. ಕಣ್ಣಲ್ಲಿ ನೀರು ಬಂತು.

"ಆರಿಸ್ಕೊಂಡು ತಿನ್ನೋಕೂ ಬರಲ್ವಾ ನಿಮಗೆ?" ಎಂದು ಹೆಂಡತಿ, ಎಷ್ಟೋ ವರ್ಷಗಳ ಮೇಲೆ, ರೇಗಿದಳು.