ತೊದಲಿನ ಮೂಲ

ಬಿಂದುಮಾಧವರಾಯರು ಮಾತಿನ ಮನುಷ್ಯ. ಪುಣೆಯ ಶಾಲೆಯೊಂದರಲ್ಲಿ ಜನ್ಮವಿಡೀ ಕನ್ನಡ ಕಲಿಸಿ ನಿವೃತ್ತರಾದವರು. ಶಬ್ದದ ಮೂಲ ಕೆದಕುತ್ತ ಕೂತರೆ ಊಟದ ನೆನಪೂ ಇರುತ್ತಿರಲಿಲ್ಲ. ಅಂಥವರ ಒಬ್ಬಳೇ ಮಗಳು ಅನುಜಾಗೆ ಮಾತು ತಡೆಯುತ್ತಿತ್ತು. ದೇವರ ಚೇಷ್ಟೆ ಅನ್ನಬೇಕು, ಮತ್ತೇನು! ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದಾಯಿತು, ಡಾಕ್ಟರುಗಳಿಗೆ ತೋರಿಸಿದ್ದಾಯಿತು. ಕೊನೆಗೆ ರಾಯರು ತಮ್ಮದೇ ಉಪಾಯ ಕಂಡುಕೊಂಡರು: ಮಗಳು ಶಬ್ದದ ತುದಿ ಹಿಡಿದು ಒದ್ದಾಡುವಾಗ ಉಳಿದದ್ದನ್ನು ತಾವೇ ಹೇಳಿ ಮುಗಿಸಿಬಿಡುವುದು. ಅಂಗಡಿಯಲ್ಲಿ ಮರಾಠಿಯಲ್ಲಿ, ಮನೆಯಲ್ಲಿ ಕನ್ನಡದಲ್ಲಿ. ಅದನ್ನವರು ಪ್ರೀತಿ ಎಂದೇ ತಿಳಿದಿದ್ದರು.

ಪ್ರಣವನೊಡನೆ ಮದುವೆಯ ಹಿಂದಿನ ದಿನ ಅನುಜಾ ಬಂದು ಪಕ್ಕದಲ್ಲಿ ಕೂತಳು.

“ಅಪ್ಪಾ, ತೊ... ತೊದಲು ಅನ್ನೋ ಶಬ್ದ ಎಲ್ಲಿಂದ ಬಂತು?”

ಆ ಶಬ್ದವನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಆದರೂ ಮಾಸ್ತರಿಕೆಯ ಚಟ ಎಲ್ಲಿ ಹೋದೀತು? “ಭಾಳ ಹಳೇ ಶಬ್ದ ಅದು. ಕೂಸಿನ ಮಾತಿಗೂ ಅದ, ನಿಂತು ನಿಂತು ಬರೋ ಮಾತಿಗೂ ಅದ. ಹಳಗನ್ನಡದಾಗ ಸುಳ್ಳಿಗೂ ತೊದಳ್ ಅಂತಿದ್ರು,” ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡರು.

ಅನುಜಾ ನಕ್ಕಳು. “ಹಂಗಾದ್ರ ಅದು ತೊದಲೋರು ಮಾಡಿದ ಶಬ್ದ ಅಲ್ಲ. ಕಾ... ಕಾಯಲಿಕ್ಕೆ ಪುರುಸೊತ್ತಿಲ್ಲದೋರು ಮಾಡಿದ್ದು. ಅಪ್ಪಾ, ನಾಳೆ ಬಾಗಲದಾಗ ಪ್ರಣವನ ಹೆಸರು ಹಾ... ಹಾ...”

“ಹಾಕಿ ಒಡಪು ಹೇಳಬೇಕು,” ಎಂದು ರಾಯರೇ ಮುಗಿಸಿದರು. ಹೊಸ ಸೊಸೆ ಗಂಡನ ಹೆಸರು ಸೇರಿಸಿ ಬಾಗಿಲಲ್ಲಿ ಹೇಳುವ ಪದ್ಯವೇ ಒಡಪು.

“ಇದ ಬ್ಯಾಡ ಅಂತೀನಿ! ಪ್ರಣವಗ ಎಲ್ಲಾ ಗೊತ್ತದ, ಅವ ಕಾಯ್ತಾನ. ಒಡಪು ನಾನ ಕಟ್ಟೀನಿ. ಎಷ್ಟು ಹೊತ್ತಾದ್ರೂ ನೀವು ಬಾಯಿ ಹಾಕಬಾರದು. ಆಣೆ ಮಾಡ್ರಿ.”

ರಾಯರು ಮಗಳ ತಲೆ ಮುಟ್ಟಿ ಆಣೆ ಮಾಡಿದರು.

ಬೀಗರ ಮನೆ ಪುಣೆಯಲ್ಲೇ ಇದ್ದುದರಿಂದ ಮರುದಿನ ಮದುವೆ ಮುಗಿದ ಮೇಲೆ ರಾಯರು ಹೆಂಡತಿಯೊಡನೆ ಹೆಣ್ಣು ಒಪ್ಪಿಸಲು ಬಂದರು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು. ಪ್ರಣವನ ತಂಗಿ ಹರ್ಷದಾ ಬಾಗಿಲಿಗೆ ಅಡ್ಡಗಟ್ಟಿ, “ಅಣ್ಣನ ಹೆಸರು ಹೇಳ್ರಿ ವೈನಿ, ಆಮ್ಯಾಲ ಒಳಗ ಬರ್ರಿ!” ಎಂದಳು.

ಅನುಜಾ ಉಸಿರು ತಗೊಂಡಳು. “ಮಾತು ತಡದೀತು, ಮನಸೇನು ತಡದಿಲ್ಲ...” ನಿಧಾನವಾಗಿ, ಆದರೆ ಪೂರ್ತಿಯಾಗಿ ಬಂತು. ರಾಯರ ಹೆಂಡತಿ ಇಂದೂ ಕಣ್ಣೊರೆಸಿಕೊಂಡರು. “ಪ್... ಪ್... ಪ್ರ...”

ಅಲ್ಲಿ ಸಿಕ್ಕಿಬಿತ್ತು ನೋಡಿ. ತುಟಿ ಅದುರಿತು, ಕುತ್ತಿಗೆಯ ನರ ಉಬ್ಬಿತು. ಪ್ರಣವ ಮಾತ್ರ ಅವಳನ್ನೇ ನೋಡುತ್ತ ಸುಮ್ಮನೆ ನಿಂತಿದ್ದ. ಹಿಂದೆ ಯಾರೋ ಮರಾಠಿಯಲ್ಲಿ ಪಿಸುಗುಟ್ಟಿದರು, ಇನ್ಯಾರೋ ಕಿಸಕ್ಕೆಂದರು. ಆ ನಗು ಕೇಳಿದ್ದೇ ರಾಯರು ಮುಂದೆ ನುಗ್ಗಿದರು. ಅಯ್ಯೋ, ಇನ್ನೊಂದು ಗಳಿಗೆ ತಡೆದಿದ್ದರೆ ಇವರ ಗಂಟೇನು ಹೋಗುತ್ತಿತ್ತು!

“ಪ್ರಣವ! ಪ್ರಣವರ ಹೆಸರ ಹೇಳ್ತಾಳ್ರಿ, ಬಿಡ್ರಿ ಒಳಗ!” ಎಂದು ಕೂಗಿಯೇಬಿಟ್ಟರು.

ಬಾಗಿಲ ತುಂಬ ನಗುವೋ ನಗು. “ಅಣ್ಣನ ಮಾವನವರೇ ಒಡಪು ಹೇಳಿದ್ರು!” ಎಂದು ಹರ್ಷದಾ ಚಪ್ಪಾಳೆ ತಟ್ಟಿದಳು. ಅನುಜಾಳ ತುಟಿ ಮುಚ್ಚಿಕೊಂಡಿತು. ಸೇರು ಒದ್ದು ಒಳಗೆ ಹೋದಳು, ತಿರುಗಿ ನೋಡಲಿಲ್ಲ.

ಮಗಳು ತಮ್ಮ ಮುಂದೆ ರೂಢಿ ಮಾಡಿದ್ದ ಆ ಒಡಪಿನ ಉಳಿದರ್ಧವನ್ನು ಆಮೇಲೆ ಮನೆಗೆ ಬಂದು ಇಂದೂ ಅಡಿಗೆಮನೆಯಲ್ಲಿ ಅಳುತ್ತ ಹೇಳಿದರು: “ಪ್ರಣವರ ಹೆಸರ ಹೇಳತೀನಿ, ಅವಸರ ಏನಿಲ್ಲ.”

ವಾರ ಕಳೆದು ರಾಯರು ಫೋನ್ ಮಾಡಿದರು. “ಅರಾಮಿದ್ದಿ ಏನವಾ? ಸಿಟ್ಟು ಬಂದದೇನು ನನ್ನ ಮ್ಯಾಲ?”

ಆ ಕಡೆ ಉಸಿರಷ್ಟೇ ಕೇಳಿಸಿತು. ಈ ಸಲ ರಾಯರು ಕಾದರು. ಬಾಯಿಗೆ ಸೆರಗೊತ್ತಿಕೊಂಡ ಇಂದೂ ಎದುರಿಗೇ ನಿಂತಿದ್ದರೂ, ಕಿವಿ ಬಿಸಿಯಾದರೂ ಕಾದರು.

“ನೀವ ಹೇಳ್ರಿ, ಅಪ್ಪಾ,” ಎಂದಳು ಅನುಜಾ. ಎಲ್ಲೂ ತಡೆಯಲಿಲ್ಲ.